ಕಲ್ಲೆಸೆದ ಹುಡುಗ

ಸ್ಪೇನ್‌ನ ಅಂತರ್ಯುದ್ಧದ ಸಿನಿಮಾ ಹಾಕಿಕೊಂಡು ಕೂತರೆ ಒಂದು ಮಗು ಎದುರಾಗದೇ ಇರುವುದು ಅಪರೂಪ. ದೊಡ್ಡ ಕಣ್ಣು, ಕಡಿಮೆ ಮಾತು, ಬಾಗಿಲ ಸಂದಿಯಿಂದ ಇಣುಕುವ ಅಭ್ಯಾಸ. ಇತ್ತೀಚೆಗೆ ಇವನ್ನು ಹುಡುಕಿ ಹುಡುಕಿ ನೋಡುತ್ತಿದ್ದೇನೆ. ಸ್ಪ್ಯಾನಿಷ್ ಬರಲ್ಲ, ಸಬ್‌ಟೈಟಲ್ಲೇ ಗತಿ. ನಾಲ್ಕೈದು ಸಿನಿಮಾ ಆಗುವಷ್ಟರಲ್ಲಿ ಅನುಮಾನ ಶುರುವಾಯಿತು. ಯಾಕಪ್ಪಾ ಇವರು ಎಲ್ಲದಕ್ಕೂ ಮಕ್ಕಳನ್ನೇ ಮುಂದೆ ಬಿಡುತ್ತಾರೆ?

ಮೊದಲು ಅದಕ್ಕೊಂದು ಕಾರಣ ಇತ್ತು. ವಿಕ್ಟರ್ ಎರಿಸೆ 1973ರಲ್ಲಿ 'ದಿ ಸ್ಪಿರಿಟ್ ಆಫ್ ದಿ ಬೀಹೈವ್' ಮಾಡಿದಾಗ, ಆ ಯುದ್ಧ ಗೆದ್ದು ದೇಶ ಆಳುತ್ತಿದ್ದ ಸರ್ವಾಧಿಕಾರಿ ಫ್ರಾಂಕೋ ಇನ್ನೂ ಬದುಕಿದ್ದ. ಕಥೆ ನಡೆಯುವುದು 1940ರ ಸುಮಾರಿಗೆ, ಯುದ್ಧ ಆಗಷ್ಟೇ ಮುಗಿದ ಒಂದು ಹಳ್ಳಿಯಲ್ಲಿ. ಊರಾಚೆಯ ಪಾಳು ಕೊಟ್ಟಿಗೆಯಲ್ಲಿ ಓಡಿಬಂದವನೊಬ್ಬ ಅಡಗಿದ್ದಾನೆ. ಪುಟ್ಟ ಆನಾ ಅವನಿಗೆ ಸೇಬು ಕೊಡುತ್ತಾಳೆ, ಅಪ್ಪನ ಕೋಟು ತಂದುಕೊಡುತ್ತಾಳೆ. ಒಂದು ರಾತ್ರಿ ಕತ್ತಲಲ್ಲಿ ಗುಂಡಿನ ಮಿಂಚು ಕಾಣುತ್ತದೆ, ಅಷ್ಟೇ. ಅವನು ಯಾರ ಕಡೆಯವನು ಅಂತ ಯಾರೂ ಬಾಯಿಬಿಡುವುದಿಲ್ಲ. ಮಗುವಿಗೇ ಗೊತ್ತಿಲ್ಲದ ಮೇಲೆ ಸೆನ್ಸಾರಿನವರು ಏನಂತ ಕತ್ತರಿಸುತ್ತಾರೆ?

ಫ್ರಾಂಕೋ 1975ರಲ್ಲಿ ಸತ್ತ. 1977ರ ಕ್ಷಮಾದಾನದ ಕಾನೂನು ಜೈಲಿನಲ್ಲಿದ್ದ ವಿರೋಧಿಗಳನ್ನೂ ಬಿಟ್ಟಿತು, ಅವರನ್ನು ಹಿಂಸಿಸಿದವರನ್ನೂ ಬಿಟ್ಟಿತು. ಆದದ್ದು ಆಯಿತು, ಕೆದಕುವುದು ಬೇಡ ಅನ್ನುವ ಈ ರಾಜಿಗೆ ಅಲ್ಲಿ 'ಮರೆವಿನ ಒಪ್ಪಂದ' ಅನ್ನುತ್ತಾರೆ. 2000ದಲ್ಲಿ ಪತ್ರಕರ್ತ ಎಮಿಲಿಯೋ ಸಿಲ್ವಾ ಯುದ್ಧದ ಕಾಲದಲ್ಲಿ ಫ್ರಾಂಕೋ ಕಡೆಯವರು ತನ್ನ ಅಜ್ಜನನ್ನು ಕೊಂದು ಹೂತಿದ್ದ ಜಾಗವನ್ನು ಅಗೆಸಿದರು. ರಸ್ತೆ ಪಕ್ಕದ ಒಂದೇ ಗುಂಡಿಯಲ್ಲಿ 13 ಜನರ ಮೂಳೆ ಸಿಕ್ಕಿತು. ಆಮೇಲೆ ಊರೂರಲ್ಲಿ ಅಗೆತ. ಅದರ ಹಿಂದೆಯೇ ಕಾದಂಬರಿಗಳ ಸಾಲು, ಸಿನಿಮಾಗಳ ಸಾಲು. ಎಷ್ಟು ಜಾಸ್ತಿ ಆಯಿತೆಂದರೆ, ಇಸಾಕ್ ರೋಸಾ ಅನ್ನುವ ಲೇಖಕ 2007ರಲ್ಲಿ 'ಅಂತರ್ಯುದ್ಧದ ಬಗ್ಗೆ ಇನ್ನೊಂದು ಹಾಳು ಕಾದಂಬರಿ!' ಅಂತಲೇ ಪುಸ್ತಕಕ್ಕೆ ಹೆಸರಿಟ್ಟ. ಒಳಗಿರುವುದು ಅವನದೇ ಹಳೆಯ ಕಾದಂಬರಿ. ಪ್ರತಿ ಅಧ್ಯಾಯ ಮುಗಿದ ಮೇಲೂ ಒಬ್ಬ ಸಿಡುಕ ಓದುಗ ಬಂದು ಅದನ್ನು ಬೈದು ಹೋಗುತ್ತಾನೆ. ನನಗೆ ಆ ಓದುಗ ಬಹಳ ಇಷ್ಟ.

ಯಾಕೆಂದರೆ ನನ್ನ ತಕರಾರೂ ಅದೇ. ಮಗು ಯಾವ ಪಕ್ಷದ್ದೂ ಅಲ್ಲ. ಅದರ ಜೊತೆ ಕೂತು ನೋಡಿದರೆ ನಾವೂ ಯಾವ ಪಕ್ಷವನ್ನೂ ಹಿಡಿಯಬೇಕಿಲ್ಲ. ಅತ್ತು, ಮೂಗೊರೆಸಿಕೊಂಡು ಎದ್ದು ಹೋಗಬಹುದು. ಮೆಕ್ಸಿಕೋದ ಗಿಯೆರ್ಮೋ ದೆಲ್ ತೊರೋ ಮಾಡಿದ 'ಪ್ಯಾನ್ಸ್ ಲ್ಯಾಬಿರಿಂತ್' ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಅದರಲ್ಲಿರುವ ಫ್ರಾಂಕೋ ಸೈನ್ಯದ ಕ್ಯಾಪ್ಟನ್ ಎಷ್ಟು ಕೆಟ್ಟವನೆಂದರೆ ಅವನು ಯಾರ ಪಕ್ಕದ ಮನೆಯವನೂ ಆಗಿರಲು ಸಾಧ್ಯವಿಲ್ಲ. ಊರಿನ ಯುದ್ಧದಲ್ಲಿ ಬೆರಳು ತೋರಿಸಿ ಹಿಡಿದುಕೊಟ್ಟವರು ಪಕ್ಕದ ಮನೆಯವರೇ ಅಲ್ವಾ?

2023ರಲ್ಲಿ ಬಂದ 'ಸಮುದ್ರದ ಮಾತು ಕೊಟ್ಟ ಮೇಷ್ಟ್ರು' ನೋಡಿ ನಾನೂ ಅತ್ತೆ. ಆಂತೋನಿ ಬೆನಾಯ್ಜೆಸ್ ನಿಜವಾಗಿ ಇದ್ದ ಮೇಷ್ಟ್ರು. ಬುರ್ಗೋಸ್ ಕಡೆಯ ಪುಟ್ಟ ಹಳ್ಳಿಯ ಶಾಲೆಗೆ ಚಿಕ್ಕದೊಂದು ಮುದ್ರಣ ಯಂತ್ರ ತಂದಿದ್ದರು. ಮಕ್ಕಳೇ ಬರೆದು, ಅಚ್ಚುಮೊಳೆ ಜೋಡಿಸಿ ಪುಸ್ತಿಕೆ ಮಾಡುತ್ತಿದ್ದರು. ಅದರಲ್ಲೊಂದು, ಸಮುದ್ರವನ್ನು ಎಂದೂ ನೋಡದ ಮಕ್ಕಳು ಅದು ಹೇಗಿರಬಹುದು ಅಂತ ಬರೆದದ್ದು. ರಜೆಯಲ್ಲಿ ನಿಜವಾದ ಸಮುದ್ರ ತೋರಿಸುತ್ತೇನೆ ಅಂದಿದ್ದರು ಮೇಷ್ಟ್ರು. 1936ರ ಜುಲೈನಲ್ಲಿ ಗಣರಾಜ್ಯದ ಸರ್ಕಾರದ ವಿರುದ್ಧ ಸೈನ್ಯ ದಂಗೆ ಎದ್ದಿತು, ಅಂತರ್ಯುದ್ಧ ಶುರುವಾಯಿತು. ಆ ತಿಂಗಳು ಮುಗಿಯುವ ಮೊದಲೇ ಅವರನ್ನು ಕೊಂದರು. ಅವರನ್ನು ಹೂತಿರಬಹುದು ಅನ್ನುವ ಲಾ ಪೆದ್ರಾಹಾ ಬೆಟ್ಟದ ಗುಂಡಿಗಳನ್ನು 2010ರಲ್ಲಿ ಅಗೆದಾಗ ನೂರಕ್ಕೂ ಹೆಚ್ಚು ಜನ ಸಿಕ್ಕರು. ಮೇಷ್ಟ್ರ ಗುರುತು ಮಾತ್ರ ಹತ್ತಲಿಲ್ಲ.

ಆ ಅಳು ನಿಜ. ಆದರೂ ಅದು ಸಲೀಸಾಗಿ ಬಂತು ಅನ್ನಿಸಿ ಇನ್ನೊಬ್ಬ ಮೇಷ್ಟ್ರ ಸಿನಿಮಾ ಮತ್ತೆ ಹಾಕಿದೆ. 1999ರ 'ಚಿಟ್ಟೆಗಳ ನಾಲಿಗೆ'. ಮಾನುವೆಲ್ ರಿವಾಸ್ ಗಲೀಸಿಯನ್ ಭಾಷೆಯಲ್ಲಿ ಬರೆದ ಕಥೆಗಳನ್ನು ಹೊಸೆ ಲೂಯಿಸ್ ಕುವೆರ್ದಾ ಸಿನಿಮಾ ಮಾಡಿದ್ದು. ಮೊನ್ಚೋ ಶಾಲೆಯ ಮೊದಲ ದಿನವೇ ಹೆದರಿ ಚಡ್ಡಿಯಲ್ಲಿ ಉಚ್ಚೆ ಹೊಯ್ದುಕೊಂಡು ಓಡಿಹೋಗುತ್ತಾನೆ. ವಯಸ್ಸಾದ ಮೇಷ್ಟ್ರು ದೋನ್ ಗ್ರೆಗೋರಿಯೋ ಮನೆತನಕ ಬಂದು ಕ್ಷಮೆ ಕೇಳುತ್ತಾರೆ. ಚಿಟ್ಟೆಯ ನಾಲಿಗೆ ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿರುತ್ತದೆ ಅಂತ ಹೇಳಿಕೊಡುತ್ತಾರೆ. ಮೊನ್ಚೋನ ಅಪ್ಪ ದರ್ಜಿ, ಗಣರಾಜ್ಯದ ಪರ. ಮೇಷ್ಟ್ರಿಗೆ ಸೂಟ್ ಹೊಲಿದುಕೊಟ್ಟವನು.

ಕೊನೆಗೆ, ದಂಗೆಯ ಕಡೆಯವರು ಗಣರಾಜ್ಯದ ಪರ ಇದ್ದವರ ಕೈ ಕಟ್ಟಿ ಒಬ್ಬೊಬ್ಬರನ್ನಾಗಿ ಲಾರಿಗೆ ಹತ್ತಿಸುತ್ತಾರೆ. ಮೇಷ್ಟ್ರೂ ಅವರಲ್ಲೊಬ್ಬರು. ಊರೆಲ್ಲ ನಿಂತು ನೋಡುತ್ತಿದೆ. ಮೊನ್ಚೋನ ಅಮ್ಮ ಗಂಡನನ್ನು ತಿವಿಯುತ್ತಾಳೆ. ಕೂಗು, ನೀನೂ ಬೈಯಿ, ಅವರು ನೋಡಲಿ. ಅವನು ಅಳುತ್ತಲೇ ಬೈಯುತ್ತಾನೆ. ಆಮೇಲೆ ಮಗನನ್ನು. ಹುಡುಗ 'ನಾಸ್ತಿಕ! ಕೆಂಪ!' (ಎಡಪಂಥದವನು ಅನ್ನುವ ಬೈಗುಳ) ಅಂತ ಕಿರುಚುತ್ತಾನೆ, ಲಾರಿ ಹಿಂದೆ ಓಡುತ್ತಾನೆ, ಕಲ್ಲೆಸೆಯುತ್ತಾನೆ. ಬೈಗುಳ ಖಾಲಿಯಾಗಿ ಬಾಯಿಂದ ಹೊರಬೀಳುವುದು ಮೇಷ್ಟ್ರು ಕಲಿಸಿದ ಪದ: 'ಎಸ್ಪಿರಿತ್ರೊಂಪಾ!' ಮೊದಲ ಸಲ ನನಗೆ ಅರ್ಥವಾಗದೆ ಹಿಂದಕ್ಕೆ ಎಳೆದು ನೋಡಿದ್ದೆ. ಅದು ಚಿಟ್ಟೆಯ ನಾಲಿಗೆಯ ಹೆಸರು.

ಆ ಪದದಲ್ಲಿ ಪ್ರೀತಿ ಇದೆ, ಹುಡುಗ ಗುಟ್ಟಾಗಿ ಮೇಷ್ಟ್ರನ್ನು ಬೀಳ್ಕೊಡುತ್ತಿದ್ದಾನೆ ಅನ್ನುವವರಿದ್ದಾರೆ. ಇರಬಹುದು. ಕೈಯಲ್ಲಿದ್ದದ್ದು ಮಾತ್ರ ಕಲ್ಲು.

ಅಜ್ಜನ ಮೂಳೆ ಹುಡುಕಿಕೊಂಡು ಮೊಮ್ಮಕ್ಕಳು ಬರುವ ಸಿನಿಮಾ ಬೇಕಾದಷ್ಟಿವೆ. ಮೊನ್ಚೋನಂಥವನು ಮುದುಕನಾಗಿ, ತನ್ನ ಮೊಮ್ಮಕ್ಕಳು ಕೇಳಿದಾಗ ಏನು ಹೇಳಿದ ಅನ್ನುವ ಸಿನಿಮಾ ನನಗಿನ್ನೂ ಸಿಕ್ಕಿಲ್ಲ. ನೀವು ನೋಡಿದ್ದರೆ ಹೆಸರು ಹೇಳಿ.