ನೂರ ನಲವತ್ತು ಚಿತ್ರ, ಕುದುರೆ ಒಂದೂ ಇಲ್ಲ

ಆಸ್ಟ್ರೇಲಿಯಾದ ಕುದುರೆ ಓಟ ಮೆಲ್ಬರ್ನ್ ಕಪ್ ನೋಡಲು ಹೋಗಿದ್ದ ನಮ್ಮ ಐವರ ಚಿತ್ರಗಳನ್ನು ಗೆಳೆಯರು ಇಂದು ಬೆಳಿಗ್ಗೆ ಕಳುಹಿಸಿದ್ದಾರೆ. ಒಟ್ಟು 140. ಎರಡು ಸಲ ನೋಡಿದೆ. ಟೋಪಿಗಳಿವೆ, ಷಾಂಪೇನ್ ಲೋಟಗಳಿವೆ, ಫ್ಲೆಮಿಂಗ್ಟನ್ ಮೈದಾನದ ಹೆಸರಾಂತ ಗುಲಾಬಿಗಳ ಮುಂದೆ ಸಾಲಾಗಿ ನಿಂತ ಭಂಗಿಗಳೇ ಹನ್ನೊಂದಿವೆ. ಕುದುರೆ ಎಂದರೆ ಅಲ್ಲಿನ ಫಾರ್ ಲ್ಯಾಪ್‌ನ ಕಂಚಿನ ಪ್ರತಿಮೆ ಮಾತ್ರ. ಅದರ ಮುಖವನ್ನೂ ಗೆಳತಿಯ ಗರಿ ಟೋಪಿ ಮುಚ್ಚಿಬಿಟ್ಟಿದೆ.

ನನ್ನ ಕುದುರೆ ಹುಚ್ಚು ನಿಮಗೆ ಹೊಸದಲ್ಲ. ನವೆಂಬರಿನ ಮೊದಲ ಮಂಗಳವಾರ ಒಂದು ಊರಿಗೆ ಊರೇ ಸಾರ್ವಜನಿಕ ರಜೆ ಹಾಕಿಕೊಂಡು ನೋಡುವ ಓಟವಿದು. 1861ರಲ್ಲಿ ಆರ್ಚರ್ ಎಂಬ ಕುದುರೆ ಮೊದಲ ಸಲ ಗೆದ್ದಲ್ಲಿಂದ ನಡೆದುಬಂದಿದೆ. ಹೆಚ್ಚೆಂದರೆ 24 ಕುದುರೆಗಳು, 3200 ಮೀಟರ್ ದೂರ, ಬಲ್ಲಿದ ಕುದುರೆಯ ಬೆನ್ನಿಗೆ ಹೆಚ್ಚಿನ ಭಾರ. ಮಕೈಬಿ ದಿವಾ ಎಂಬ ಹೆಣ್ಣು ಕುದುರೆ ಆ ಭಾರವನ್ನು ಹೊತ್ತುಕೊಂಡೇ 2003ರಿಂದ 2005ರವರೆಗೆ ಮೂರು ವರ್ಷ ಸತತವಾಗಿ ಗೆದ್ದಿತು. ಇದನ್ನೆಲ್ಲ ರೈಲಿನಲ್ಲಿ ಹೋಗುವಾಗ ಉತ್ಸಾಹದಿಂದ ಹೇಳುತ್ತಿದ್ದೆ. ಗೆಳೆಯರು ಟೈ ಸರಿಪಡಿಸಿಕೊಳ್ಳುತ್ತಿದ್ದರು.

ಓಟಕ್ಕೆ ಮುನ್ನ ಕುದುರೆಗಳನ್ನು ಸುತ್ತು ನಡೆಸುವ ಅಂಗಳಕ್ಕೆ ಬನ್ನಿ ಎಂದು ಮೂರು ಸಲ ಕರೆದೆ. ಜೀನು ಬಿಗಿದ ಮೇಲೆ ಯಾವುದು ಬೆವರುತ್ತಿದೆ, ಯಾವುದು ಕಿವಿ ನಿಮಿರಿಸಿ ಹಗುರವಾಗಿ ಹೆಜ್ಜೆ ಇಡುತ್ತಿದೆ ಎಂಬುದು ಕಾಣುವುದು ಅಲ್ಲಿಯೇ. ಯಾರೂ ಕದಲಲಿಲ್ಲ. ಬಣ್ಣ ಚೆನ್ನಾಗಿದೆ ಎಂದು ಒಬ್ಬ ಹತ್ತು ಡಾಲರ್ ಕಟ್ಟಿದ. ಅವನು ಮೆಚ್ಚಿದ್ದು ಜಾಕಿಯ ಅಂಗಿಯ ಬಣ್ಣವನ್ನು!

ನಾವು ಬಂದದ್ದು ಪರಸ್ಪರ ಭೇಟಿಗಾಗಿ, ಕುದುರೆ ಬರಿಯ ನೆಪ ಎಂದು ಅವರು ಹೇಳಬಹುದು, ಹೇಳಿಯೂ ಆಗಿದೆ. ಮುಖ್ಯ ಓಟ ಮುಗಿಯುವುದೇ ಮೂರು ನಿಮಿಷ ಚಿಲ್ಲರೆಯಲ್ಲಿ, ಉಳಿದ ದಿನವೆಲ್ಲ ಏನು ಮಾಡಬೇಕು ಎಂಬ ಪ್ರಶ್ನೆಯೂ ಬಂತು. ಒಪ್ಪೋಣ. ಆದರೆ ಭೇಟಿಯೇ ಮುಖ್ಯವಾಗಿದ್ದರೆ ಯಾರದಾದರೂ ಮನೆಯ ಪಡಸಾಲೆ ಸಾಕಿತ್ತು. ನೆಪವಾದದ್ದು ಒಂದು ಜೀವ. 2014ರಲ್ಲಿ ಜನ ಅತಿ ಹೆಚ್ಚು ನೆಚ್ಚಿಕೊಂಡಿದ್ದ ಜಪಾನಿನ ಅಡ್ಮೈರ್ ರಕ್ತಿ ಕೊನೆಯದಾಗಿ ಓಟ ಮುಗಿಸಿ, ಲಾಯಕ್ಕೆ ಮರಳಿದ ಸ್ವಲ್ಪ ಹೊತ್ತಿಗೇ ಕುಸಿದು ಸತ್ತಿತು. 2020ರಲ್ಲಿ ಪ್ರೇಕ್ಷಕರಿಲ್ಲದೆ ಖಾಲಿಯಾಗಿದ್ದ ಇದೇ ಮೈದಾನದಲ್ಲಿ ಆಂಥನಿ ವ್ಯಾನ್ ಡೈಕ್ ಕಾಲು ಮುರಿದುಕೊಂಡಿತು; ಅದಕ್ಕೆ ದಯಾಮರಣ ನೀಡಬೇಕಾಯಿತು. ಅಷ್ಟು ಪಣಕ್ಕಿಟ್ಟು ಓಡುವ ಪ್ರಾಣಿಯನ್ನು ಕತ್ತೆತ್ತಿ ನೋಡುವಷ್ಟು ಸೌಜನ್ಯವಾದರೂ ಬೇಡವೇ?

ಸತ್ತ ಕುದುರೆಗೆ ಮರ್ಯಾದೆ ಧಾರಾಳವಾಗಿದೆ. 1930ರಲ್ಲಿ ಕಪ್ ಗೆದ್ದ ಫಾರ್ ಲ್ಯಾಪ್‌ನ ಚರ್ಮ ಮೆಲ್ಬರ್ನಿನಲ್ಲಿ, ಹೃದಯ ಕ್ಯಾನ್ಬೆರಾದಲ್ಲಿ, ಅಸ್ಥಿಪಂಜರ ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ, ಮೂರು ವಸ್ತುಸಂಗ್ರಹಾಲಯಗಳ ಪಾಲಾಗಿವೆ. ಬದುಕಿರುವುದು ಎದುರಿಗೇ ಹಾದುಹೋದರೆ ನಮ್ಮವರು ಸೆಲ್ಫಿಗಾಗಿ ಅದಕ್ಕೆ ಬೆನ್ನು ತೋರಿಸುತ್ತಾರೆ.

ಇಷ್ಟು ಬರೆದ ಮೇಲೆ ಒಂದನ್ನು ಮುಚ್ಚಿಟ್ಟರೆ ಅಪ್ರಾಮಾಣಿಕತೆಯಾಗುತ್ತದೆ. ನಾನೂ ಇಪ್ಪತ್ತು ಡಾಲರ್ ಕಟ್ಟಿದ್ದೆ, ಕೊನೆಯ ಇನ್ನೂರು ಮೀಟರಿನಲ್ಲಿ ಗಂಟಲು ಹರಿಯುವಂತೆ ಕೂಗಿದೆ. ಕೂಗಿದ್ದು ಹೆಸರನ್ನಲ್ಲ, ಸಂಖ್ಯೆಯನ್ನು. ಓಟ ಮುಗಿದು ಕುದುರೆಗಳು ಮರಳುವಾಗ, ಹಿಂದೆ ಬಿದ್ದಿದ್ದ ಕಂದು ಬಣ್ಣದ್ದೊಂದು ಬೇಲಿಯ ಹತ್ತಿರವೇ ಹಾದು ಬಂತು. ಮೂಗಿನ ಹೊಳ್ಳೆಗಳು ಅರಳಿ ಕೆಂಪಾಗಿದ್ದವು, ಕುತ್ತಿಗೆಯ ಮೇಲೆ ನೊರೆ ಕಟ್ಟಿತ್ತು. ಚಿತ್ರ ತೆಗೆಯಲು ಮೊಬೈಲ್ ಎತ್ತಿದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ, "ಎಲ್ಲರೂ ಈ ಕಡೆ ನೋಡಿ" ಎಂದರು. ತಿರುಗಿದೆ.

97ನೆಯ ಚಿತ್ರ ಅದೇ. ನಾನು ಚೆನ್ನಾಗಿಯೇ ನಗುತ್ತಿದ್ದೇನೆ.