ಫುಟ್‌ಪಾತ್ ಎಂಬ ಪುಕ್ಕಟೆ ಜಿಮ್ಮು

ಸೊಂಟ ಹಿಡಿದುಕೊಂಡಿತು ಅಂತ ಡಾಕ್ಟರ ಹತ್ತಿರ ಹೋದೆ. ಅವರು ಸೊಂಟ ನೋಡಲಿಲ್ಲ, ಹೊಟ್ಟೆ ನೋಡಿದರು. "ವಾಕಿಂಗ್ ಉಂಟಾ?" ಅಂದರು. "ಮಗನಿಗೆ ಒಂದು ವರ್ಷ ಎಂಟು ತಿಂಗಳು" ಅಂದೆ. ಅದೇ ಉತ್ತರ ಅಂತ ನಾನು ತಿಳಿದಿದ್ದೆ. ಅವರು ಹಾಗೆ ತಿಳಿಯಲಿಲ್ಲ. 'ವಾರಕ್ಕೆ 150 ನಿಮಿಷ' ಅಂತ ಚೀಟಿಯಲ್ಲಿ ಬರೆದು ಕೊಟ್ಟರು, ಮಾತ್ರೆ ಬರೆದ ಹಾಗೆ.

ಈ 150 ಡಾಕ್ಟರ ಸ್ವಂತದ್ದಲ್ಲ. ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥದ್ದು ಏನಾದರೂ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಸಂಸ್ಥೆ ಮಕ್ಕಳಿಗೂ ಒಂದು ಲೆಕ್ಕ ಇಟ್ಟಿದೆ. ನನ್ನ ಮಗನ ಪ್ರಾಯದವರು ಕಡಿಮೆ ಅಂದರೂ 180 ನಿಮಿಷ ಓಡಾಡಿಕೊಂಡಿರಬೇಕು. ವಾರಕ್ಕಲ್ಲ, ದಿನಕ್ಕೆ. ವಾರಕ್ಕೆ 1,260 ನಿಮಿಷ ಆಯಿತು. ಅವನು ಓಡುವಾಗ ಹಿಂದೆ ಓಡುವವರು ಯಾರು ಅಂತ ಜಿನೀವಾದಲ್ಲಿ ಕೂತ ಆ ಸಂಸ್ಥೆಯವರು ಬರೆದಿಲ್ಲ. ನಾನು ಬರೆಯಬಲ್ಲೆ.

ಮೊದಲೆಲ್ಲ ದೊಡ್ಡವರು ಒಂದು ಸಲಕ್ಕೆ 10 ನಿಮಿಷವಾದರೂ ಬಿಡದೆ ಮಾಡಿದರೆ ಮಾತ್ರ ಲೆಕ್ಕಕ್ಕೆ ಸೇರುತ್ತಿತ್ತು. 2020ರಲ್ಲಿ ಆ ಷರತ್ತು ತೆಗೆದುಹಾಕಿದರು. ಸಮಿತಿಯಲ್ಲಿ ಯಾರ ಮನೆಯಲ್ಲೋ ಒಂದೂವರೆ ವರ್ಷದ ಮಗು ಇದ್ದಿರಬೇಕು.

ಸರಿ, ವಾಕಿಂಗ್ ಅಂತ ತೀರ್ಮಾನ ಆಯಿತು. ಹೆಂಡತಿ ಕೈಗೆ ಒಂದು ವಾಚು ಕಟ್ಟಿದಳು. ದಿನಕ್ಕೆ 10,000 ಹೆಜ್ಜೆ ಅಂತ ಅದರ ಹಟ. ಈ ಹತ್ತು ಸಾವಿರ ಯಾವ ಶಾಸ್ತ್ರದಿಂದ ಬಂತು ಅಂತ ಹುಡುಕಿದರೆ, 1965ರಲ್ಲಿ ಜಪಾನಿನವರು ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಿಟ್ಟರು, ಅದಕ್ಕೆ 'ಹತ್ತು ಸಾವಿರ ಹೆಜ್ಜೆಯ ಮೀಟರ್' ಅಂತ ಹೆಸರಿಟ್ಟರು. ಅಷ್ಟೇ. ಅಂಗಡಿಯವರು ಇಟ್ಟ ಹೆಸರು ಅರವತ್ತು ವರ್ಷದಿಂದ ನಮ್ಮನ್ನು ನಡೆಸುತ್ತಿದೆ.

ಆದರೆ ನನ್ನ ವಾಚಿಗೆ ಕಾಲು ಇದೆ ಅಂತಲೇ ಗೊತ್ತಿಲ್ಲ. ಅದು ನೋಡುವುದು ಕೈಯನ್ನು. ಮಗನ ತಳ್ಳುಗಾಡಿ ಹಿಡಿದು ಮುಕ್ಕಾಲು ಗಂಟೆ ನಡೆದೆ. ಎರಡು ಕೈಯೂ ಹಿಡಿಯ ಮೇಲೆ, ಅಲ್ಲಾಡಲಿಲ್ಲ. ಮನೆಗೆ ಬಂದು ನೋಡಿದರೆ 212 ಹೆಜ್ಜೆ. ಆ ರಾತ್ರಿ ತೊಟ್ಟಿಲು ತೂಗುತ್ತಾ ಕೂತಿದ್ದೆ. ಕಣ್ಣು ಅರ್ಧ ಮುಚ್ಚಿತ್ತು. ಮಣಿಕಟ್ಟಿನಲ್ಲಿ ಗುಂಯ್ ಅಂತು. ಇವತ್ತು ಚೆನ್ನಾಗಿ ನಡೆದಿದ್ದೀರಿ, ಅಭಿನಂದನೆ ಅಂತೆ.

ಇರಲಿ, ವಾಚು ಬಡಪಾಯಿ. ನಾನು ಹೇಳಹೊರಟದ್ದು ಫುಟ್‌ಪಾತ್ ಬಗ್ಗೆ.

ಬಿಜೈ ಕಡೆಯ ನಮ್ಮ ಮನೆಯಿಂದ ಹತ್ತಿರದ ಪಾರ್ಕಿಗೆ ಸುಮಾರು 800 ಮೀಟರ್. ಮಂಗಳೂರಿನಲ್ಲಿ ಫುಟ್‌ಪಾತ್ ಅಂದರೆ ಏನು ಅಂತ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಅದು ತೋಡಿನ ಮುಚ್ಚಳ. ವರ್ಷಕ್ಕೆ ಮೂರೂವರೆ ಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಊರು. ಆ ನೀರು ಹೋಗಲಿಕ್ಕೆ ರಸ್ತೆ ಬದಿಗೆ ಆಳದ ತೋಡು ಬೇಕು. ತೋಡಿನ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ನಾವು. ಚಪ್ಪಡಿ ಇಲ್ಲದ ಕಡೆ, ತೋಡಿನೊಳಗೆ ನಾವು.

ಫುಟ್‌ಪಾತ್ ಹೇಗಿರಬೇಕು ಅಂತ ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆಯ ನಿಯಮ ಉಂಟು. ಅಡ್ಡಿ ಇಲ್ಲದ ಅಗಲ ಕನಿಷ್ಠ 1.8 ಮೀಟರ್, ಎತ್ತರ 150 ಮಿಲಿಮೀಟರ್ ಮೀರಬಾರದು. 150 ಮಿಲಿಮೀಟರ್ ಅಂದರೆ ಆರು ಇಂಚು, ಮನೆಯ ಒಂದು ಮೆಟ್ಟಿಲು. ನಮ್ಮ ಓಣಿ ಮೂಲೆಯಲ್ಲಿ ಅದು ನನ್ನ ಮೊಣಕಾಲಿಗೆ ಬರುತ್ತದೆ, ಮಗನ ಎದೆಗೆ. ಅವನು ಅದಕ್ಕೆ ಎರಡೂ ಕೈ ಊರಿ, ಅಟ್ಟಕ್ಕೆ ಹತ್ತುವವರ ಹಾಗೆ ಒಂದು ಕಾಲು ಮೇಲೆ ಹಾಕಿ, ಹಿಂತಿರುಗಿ ನನ್ನ ಮುಖ ನೋಡುತ್ತಾನೆ.

ಮಗನ ತೂಕ 11 ಕೆಜಿ, ಗಾಡಿ 8. ಒಟ್ಟು 19. ಕುಚ್ಚಲಕ್ಕಿ ಮೂಟೆ 25 ಇರುತ್ತದೆ, ಒಪ್ಪಿದೆ. ಆದರೆ ಮೂಟೆ ಎತ್ತುವಾಗ ಅದು ಕಾಲು ಝಾಡಿಸುವುದಿಲ್ಲ, 'ಬಸ್ಸು! ಬಸ್ಸು!' ಅಂತ ಒಂದೇ ಬದಿಗೆ ವಾಲುವುದೂ ಇಲ್ಲ. ಮೊದಲ ಗೇಟಿನ ಹತ್ತಿರ ಫುಟ್‌ಪಾತ್ ಮುಗಿಯುತ್ತದೆ: ಬಗ್ಗಿ ಇಳಿಸು. ಗೇಟು ದಾಟಿದ ಕೂಡಲೇ ಶುರುವಾಗುತ್ತದೆ: ಬಗ್ಗಿ ಎತ್ತು. ನಡು ಮಧ್ಯೆ ಟ್ರಾನ್ಸ್‌ಫಾರ್ಮರ್, ಉಸಿರು ಒಳಗೆಳೆದು ಹೊಟ್ಟೆ ಬೆನ್ನಿಗೆ ಹಚ್ಚಿ ಬದಿಯಿಂದ ದಾಟಬೇಕು. ಮುಂದೆ ಒಂದು ಚಪ್ಪಡಿ ಇಲ್ಲ, ಕಾಲು ಅಗಲ ಮಾಡಿ ನಿಂತು ಗಾಡಿಯನ್ನು ಆಚೆ ದಾಟಿಸಬೇಕು. ಪೇಟೆಯ ಜಿಮ್ಮುಗಳಲ್ಲಿ ಇವಕ್ಕೆಲ್ಲ ಒಂದೊಂದು ಇಂಗ್ಲಿಷ್ ಹೆಸರು, ತಿಂಗಳಿಗೆ ಇಷ್ಟು ಅಂತ ಫೀಸು. ಇಲ್ಲಿ ಪುಕ್ಕಟೆ. 800 ಮೀಟರಿಗೆ 14 ಸಲ ಎತ್ತಿಳಿಸಿದೆ, ಲೆಕ್ಕ ಹಾಕಿದ್ದೇನೆ. ವಾರಕ್ಕೆ ಎರಡು ದಿನ ಮೈಕೈ ಗಟ್ಟಿಯಾಗುವ ವ್ಯಾಯಾಮವೂ ಬೇಕು ಅಂತ ಅದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ನಮ್ಮೂರಿನವರು ಅದನ್ನು ಓದಿಯೇ ಕಾಂಕ್ರೀಟ್ ಹಾಕಿಸಿದ್ದು ಅಂತ ಈಗ ನನಗೆ ಖಾತ್ರಿ.

ಕಡೆಯ ತಿರುವಿನಲ್ಲಿ ಮೂರು ಉಕ್ಕಿನ ಗೂಟ. ಸ್ಕೂಟರು ಫುಟ್‌ಪಾತಿಗೆ ಹತ್ತಬಾರದು ಅಂತ ಹಾಕಿದ್ದು. ಗೂಟಗಳ ನಡುವೆ ಮಗನ ಗಾಡಿ ತೂರುವುದಿಲ್ಲ. ಕಾಂಪೌಂಡಿನ ಬದಿಗೆ ಮಾತ್ರ ಒಂದು ಸಂದು ಉಂಟು, ಸರಿಯಾಗಿ ಒಂದು ಸ್ಕೂಟರಿನಷ್ಟು. ನಾನು ಗಾಡಿ ಮಡಚಿ, ಮಗನನ್ನು ಕಂಕುಳಿಗೆ ಹಾಕಿ, ಆ ಸಂದಿನ ಕಡೆ ಹೊರಡುವಾಗ ಹಿಂದಿನಿಂದ ಹಾರ್ನ್. "ಸ್ವಲ್ಪ ಸೈಡ್ ಕೊಡಿ ಮಾರಾಯ್ರೆ, ಮಗುವನ್ನು ಹಿಡಿದುಕೊಂಡು ಇದರಲ್ಲೆಲ್ಲ ಯಾಕೆ ಬರ್ತೀರಿ?"

ಪಾರ್ಕ್ ಬಂತು. ಪಾರ್ಕಿನ ಎದುರಿನ ಫುಟ್‌ಪಾತ್ ಮಾತ್ರ ಭಾರಿ ಅಗಲ, ಬೇಕಾದ 1.8 ಮೀಟರ್ ಪೂರ್ತಿ ಉಂಟು. ಅದರ ಮೇಲೆ ಸಾಲಾಗಿ ಕಾರುಗಳು. ವಾಕಿಂಗಿಗೆ ಬಂದವರದ್ದು.

ಒಳಗೆ ಹೊಸದಾಗಿ ಬಯಲು ಜಿಮ್ ಮಾಡಿದ್ದಾರೆ. ಹಳದಿ, ನೀಲಿ ಬಣ್ಣದ ಎಂಟು ಯಂತ್ರ. ಪಕ್ಕದಲ್ಲಿ ಕಪ್ಪು ಕಲ್ಲಿನ ಫಲಕ, ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತಿ, ಗೌರವ ಉಪಸ್ಥಿತಿ ಅಂತ ಹೆಸರುಗಳು ಇಳಿಯುತ್ತವೆ. ಹೆಸರು ಓದಿ ಮುಗಿಸುವಾಗ ಕುತ್ತಿಗೆಯ ವ್ಯಾಯಾಮ ಆಯಿತು. ಯಂತ್ರವನ್ನು ಹೇಗೆ ಬಳಸಬೇಕು ಅಂತ ಎಲ್ಲೂ ಬರೆದಿಲ್ಲ, ಕಲ್ಲಿನಲ್ಲಿ ಜಾಗ ಸಾಕಾಗಲಿಲ್ಲವೋ ಏನೋ. ನಾನು ಕಾಲಾಡಿಸುವ ಒಂದು ಯಂತ್ರ ಹತ್ತಿದೆ. ಮಗ ಹಾಸುಗಲ್ಲಿನ ಮೇಲೆ ಇರುವೆ ನೋಡುತ್ತಿದ್ದ. ಮೂರು ಸಲ ಕಾಲು ಬೀಸಿದ್ದೇನೋ ಇಲ್ಲವೋ, ಸೀಟಿ ಊದಿತು.

"ಸಾರ್, ಇಲ್ಲಿ ಮಕ್ಕಳನ್ನು ಬಿಡ್ಲಿಕ್ಕಿಲ್ಲ." ಗಾರ್ಡ್ ಬೋರ್ಡು ತೋರಿಸಿದರು. ಹೌದು, ಬರೆದಿತ್ತು. ನ್ಯಾಯವೇ, ಕೈ ಸಿಕ್ಕಿದರೆ ಕಷ್ಟ.

ಮಕ್ಕಳ ಜಾಗಕ್ಕೆ ಹೋದೆವು. ಮಗ ಜಾರುಬಂಡಿಯ ಮೂರನೇ ಮೆಟ್ಟಿಲಲ್ಲಿ ನಿಂತು ಎರಡೂ ಕೈ ಬಿಟ್ಟ. ನಾನು ಓಡಿ ಹಿಡಿದೆ. ಸೀಟಿ.

"ಸಾರ್, ದೊಡ್ಡವರಿಗೆ ಒಳಗೆ ಇಲ್ಲ." ಅದಕ್ಕೂ ಬೋರ್ಡು ಇತ್ತು. 12 ವರ್ಷಕ್ಕಿಂತ ಮೇಲಿನವರಿಗೆ ಪ್ರವೇಶ ನಿಷೇಧ.

"ಮತ್ತೆ ಇವನನ್ನು ನೋಡಿಕೊಳ್ಳುವುದು ಯಾರು?"

ಗಾರ್ಡ್ ಪಾಪ ಒಳ್ಳೆಯವರು. ನಿಜವಾಗಿ ಯೋಚಿಸಿದರು. ಜಿಮ್ಮಿಗೂ ಆಟದ ಜಾಗಕ್ಕೂ ನಡುವೆ ಕ್ರೋಟನ್ ಗಿಡದ ಬೇಲಿ. ಅಲ್ಲಿ ಒಂದೂವರೆ ಅಡಿ ಮಣ್ಣಿನ ಪಟ್ಟಿ. "ನೀವು ಇಲ್ಲಿ ನಿಲ್ಲಿ" ಅಂದರು. ನಿಂತೆ. ಜಿಮ್ಮಿಗೆ ಮಗ ಅಡ್ಡಿ, ಆಟದ ಜಾಗಕ್ಕೆ ನಾನು ಅಡ್ಡಿ, ಕ್ರೋಟನ್ನಿಗೆ ಇಬ್ಬರೂ ಅಡ್ಡಿ. ಎರಡು ನಿಮಿಷದಲ್ಲಿ ಮಾಲಿ ಬಂದು, ಗಿಡ ತುಳಿಯಬೇಡಿ ಅಂದ.

ಮಳೆಗಾಲದ ಸುದ್ದಿ ಜಾಸ್ತಿ ಹೇಳುವುದಿಲ್ಲ. ಯೋಗ ದಿನ ಜೂನ್ 21ಕ್ಕೆ. ಬೇರೆ ಊರುಗಳಲ್ಲಿ ಮೈದಾನದಲ್ಲಿ ಚಾಪೆ ಹಾಸುತ್ತಾರೆ, ನಮ್ಮಲ್ಲಿ ಆ ಹೊತ್ತಿಗೆ ಹಾಸಿದರೆ ಚಾಪೆ ಅರಬ್ಬೀ ಸಮುದ್ರದ ಕಡೆ ಹೊರಡುತ್ತದೆ. ಮನೆಯೊಳಗೆ ಹಾಸಿದೆ. ಶವಾಸನ ಅಂತ ಮಲಗಿದವನ ಹೊಟ್ಟೆ ಮೇಲೆ ಮಗ ಕೂತು 'ಬಸ್ಸು' ಅಂದ. ಆವತ್ತಿನ ಯೋಗ ರೂಟ್ ಬಸ್ಸಿನಲ್ಲಿ ಮುಗಿಯಿತು.

ಹೋದ ವಾರ ನಮ್ಮ ಓಣಿ ಮೂಲೆಯ ಫುಟ್‌ಪಾತ್ ಒಡೆದರು. ಎದೆಯೆತ್ತರದ್ದು ಆರು ಇಂಚಿಗೆ ಇಳಿಯುತ್ತದೆ ಅಂತ ನಾನು ಖುಷಿಪಟ್ಟೆ. ಅಲ್ಲ, ಕೆಳಗೆ ಪೈಪ್ ಹಾಕಲಿಕ್ಕೆ. ನಾಲ್ಕು ತಿಂಗಳ ಹಿಂದೆ ಕೇಬಲ್ಲಿಗೆ ಅಂತ ಒಡೆದ ಜಾಗವೇ. ಆದರೆ ಮಗನಿಗೆ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ. ಜೇಸಿಬಿ ಬಂದಿದೆ! ಬಸ್ಸು ಮರೆತೇ ಹೋಯಿತು. ಅದು ಬಗ್ಗಿ, ಕೆಂಪು ಮಣ್ಣು ಮೊಗೆದು, ಕುತ್ತಿಗೆ ತಿರುಗಿಸಿ ಸುರಿಯುವುದನ್ನು ಬಾಯಿ ತೆರೆದು ನೋಡಿದ. ಕೆಳಗಿಳಿಸಿದರೆ ಗುಂಡಿಗೆ ಹೋಗುತ್ತಾನೆ. ಹಾಗಾಗಿ ಎತ್ತಿಕೊಂಡೇ ನಿಂತೆ. 11 ಕೆಜಿ, ನಲವತ್ತು ನಿಮಿಷ, ಒಂದೇ ಕೈ. ವಾಚು ಗುಂಯ್ ಅಂತು: ತುಂಬ ಹೊತ್ತು ಕುಳಿತಿದ್ದೀರಿ, ಎದ್ದು ನಿಲ್ಲಿ.

ಸಂಜೆ ಜೇಸಿಬಿ ಹೊರಟಾಗ ಮಗ ದೊಡ್ಡ ಸ್ವರ ತೆಗೆದ. "ಅಳಬೇಡ ಮಗಾ, ನಾಳೆ ಪುನಃ ಬರ್ತದೆ" ಅಂದೆ. ಸುಮ್ನೆ ಸಮಾಧಾನಕ್ಕೆ ಹೇಳಿದ್ದು.

ಬೆಳಿಗ್ಗೆ ಏಳಕ್ಕೆ ಗರಗರ ಸದ್ದು. ಬಂದಿತ್ತು. ಈ ಸಲ ಆಚೆ ಬದಿಯ ಫುಟ್‌ಪಾತಿಗೆ.