ತಾನಾಗೇ ಆಗುವ ತಪ್ಪುಗಳು

ಟೋಕಿಯೊಗೆ ಬಂದ ಹೊಸದರಲ್ಲಿ ನಾನು ಕಲಿತ ಮೊದಲ ಮಾತು ‘ಸುಮಿಮಾಸೆನ್’. ತಪ್ಪಾಯ್ತು ಅನ್ನೋದಕ್ಕೂ ಅದೇ, ಸ್ವಲ್ಪ ದಾರಿ ಬಿಡಿ ಅನ್ನೋದಕ್ಕೂ ಅದೇ. ಹೋಟೆಲಿನಲ್ಲಿ ಮಾಣಿಯನ್ನು ಕರೆಯೋದೂ ಹಾಗೇ. ಬೆಳಗಿನ ತಿಂಡಿ ಮುಗಿಯುವಷ್ಟರಲ್ಲಿ ನಾಲ್ಕು ಸಲ ಕ್ಷಮೆ ಕೇಳಿಯಾಗಿರುತ್ತೆ.

ನಮ್ಮ ಮಂಡ್ಯದಲ್ಲಿ ಯಾರೂ ತಪ್ಪು ಮಾಡುವುದಿಲ್ಲ. ತಪ್ಪು ತಾನಾಗೇ ಆಗುತ್ತೆ. ಲೋಟ ಬಿದ್ದೋಗುತ್ತೆ, ಹಾಲು ಉಕ್ಕೋಗುತ್ತೆ, ಸಾಲ ಬೆಳೆದುಬಿಡುತ್ತೆ. ನಾವು ಸುಮ್ನೆ ಪಕ್ಕದಲ್ಲಿ ನಿಂತಿರುತ್ತೇವೆ, ಅಷ್ಟೇ.

ಚಿಕ್ಕಪ್ಪನ ಮಗಳ ಮದುವೆಗೆ ಊರಿಗೆ ಹೋಗಿದ್ದೆ. ಮುಹೂರ್ತ ಸೋಮವಾರ. ಲಗ್ನಪತ್ರಿಕೆಯಲ್ಲಿ ತಾರೀಖು ಸರಿಯಾಗಿತ್ತು, ವಾರ ಮಾತ್ರ ಭಾನುವಾರ. ಅಚ್ಚು ಹಾಕಿದವರನ್ನು ಕೇಳಿದರೆ, ‘ನೀವ್ ಕೊಟ್ಟಿದ್ದೇ ಹಂಗೆ ಸಾ.’ ಬರೆದುಕೊಟ್ಟಿದ್ದ ಐನೋರು ಪಂಚಾಂಗದ ಕಡೆ ಕೈ ತೋರಿಸಿದರು. ಪಂಚಾಂಗ ಏನೂ ಮಾತಾಡಲಿಲ್ಲ. ಕೊನೆಗೆ ಚಿಕ್ಕಪ್ಪ, ‘ಬುಡು ಮಗ ಅತ್ಲಾಗೆ. ಭಾನುವಾರ ಬಂದೋರು ಚಪ್ರದ ಊಟ ಉಂಡ್ಕೊಂಡು ಇಲ್ಲೇ ಉಳ್ಕತರೆ’ ಅಂದರು. ಹಾಗೇ ಆಯ್ತು. ಸುಮಾರು ಮೂವತ್ತು ಜನ ಒಂದು ದಿನ ಮುಂಚೆ ಬಂದರು. ಮುದ್ದೆ ಉಂಡರು, ಇಸ್ಪೀಟು ಆಡಿದರು, ರಾತ್ರಿಯೆಲ್ಲ ಕೂತು ಮಾರನೇ ದಿನದ ತರಕಾರಿ ಹೆಚ್ಚಿದರು. ಪತ್ರಿಕೆ ಸರಿಯಾಗಿದ್ದಿದ್ದರೆ ಹೆಚ್ಚೋಕೆ ಜನ ಎಲ್ಲಿರುತ್ತಿದ್ದರು ಅಂತ ಚಿಕ್ಕಮ್ಮ ಈಗಲೂ ಕೇಳುತ್ತಾರೆ.

ಇದನ್ನು ಜಪಾನಿನವರಿಗೆ ಹೇಳಿದರೆ ನಂಬೋದಿಲ್ಲ. 2017ರ ನವೆಂಬರ್‌ನಲ್ಲಿ ಇಲ್ಲಿನ ತ್ಸುಕುಬಾ ಎಕ್ಸ್‌ಪ್ರೆಸ್ ರೈಲೊಂದು ಒಂದು ನಿಲ್ದಾಣದಿಂದ 20 ಸೆಕೆಂಡು ಮೊದಲೇ ಹೊರಟಿತು. ಯಾರೂ ದೂರು ಕೊಟ್ಟಿರಲಿಲ್ಲ. ಆದರೂ ಕಂಪನಿಯವರು ತಾವಾಗೇ ಕ್ಷಮೆ ಕೇಳಿದರು.

ನಮ್ಮ ಕಡೆಯೂ ಒಮ್ಮೆ ರೈಲು ಬೇಗ ಬಂದಿತ್ತಂತೆ. 1917, ಮದ್ದೂರು ಸ್ಟೇಷನ್. ಅಲ್ಲಿ ಪಕೋಡ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರಿಗೆ ಪಕೋಡ ಕರಿಯೋಕೆ ಪುರಸೊತ್ತಾಗಲಿಲ್ಲ. ಅದೇ ಹಿಟ್ಟನ್ನು ಅಗಲಕ್ಕೆ ತಟ್ಟಿ ಎಣ್ಣೆಗೆ ಬಿಟ್ಟರು. ಮದ್ದೂರು ವಡೆ ಹುಟ್ಟಿದ ಕಥೆ ಇದು. ಬೇಗ ಬಂದಿದ್ದಕ್ಕೆ ರೈಲನ್ನು ಯಾರು ಬೈತಾರೆ? ಬಾಯಲ್ಲಿ ವಡೆ ಇತ್ತಲ್ಲ!

ಹಾಗಂತ ಎಲ್ಲ ತಪ್ಪನ್ನೂ ಕರಿದು ತಿನ್ನೋಕಾಗಲ್ಲ. ಡ್ರೈವರು, ಡಾಕ್ಟರು ‘ಆಗೋಯ್ತು ಬುಡಿ’ ಅಂದರೆ ನನಗೆ ಮೈ ಉರಿಯುತ್ತೆ. ವಿಶ್ವೇಶ್ವರಯ್ಯನವರು ನೀರು ಮಟ್ಟ ಮೀರಿದಾಗ ತಾನಾಗೇ ತೆರೆಯುವ ಗೇಟು ಕಂಡುಹಿಡಿದಿದ್ದರು. ಅಂಥ ಗೇಟು ಕನ್ನಂಬಾಡಿಗೂ ಬಂತು. ‘ತಾನಾಗೇ ಆಯ್ತು’ ಅನ್ನೋ ಹಕ್ಕು ಇಡೀ ಜಿಲ್ಲೆಯಲ್ಲಿ ಆ ಗೇಟುಗಳಿಗೆ ಮಾತ್ರ ಇತ್ತು ಅಂತ ನನ್ನ ಲೆಕ್ಕ.

ಹೋದ ವಾರ ಆಫೀಸಿನಲ್ಲಿ ಒಂದು ಫೈಲು ಅಳಿಸಿಬಿಟ್ಟೆ. ಎದ್ದು ನಿಂತು, ಸೊಂಟ ಬಗ್ಗಿಸಿ, ನಾನೇ ಅಳಿಸಿದೆ ಅಂತ ಒಪ್ಪಿಕೊಂಡೆ. ಎಲ್ಲರೂ ಮೆಚ್ಚಿದರು. ಸಂಜೆ ಮನೆಗೆ ಬಂದು ಹೆಂಡತಿಗೆ ಹೇಳಿದೆ: ‘ಇವತ್ತು ಒಂದು ಫೈಲು ಅಳಿಸೋಯ್ತು ಕಣೆ.’

‘ಅಳಿಸೋಯ್ತೋ, ಅಳಿಸಿದ್ರೋ?’ ಅಂದಳು.